ಮನೆ ಬದಲಾದರೆ ಟಪಾಲು ಹಿಂದೆಯೇ ಬರುವುದೇ?

ಭಾರತ್ ಗೋಲ್ಡ್ ಮೈನ್ಸ್ ಕಂಪನಿಯ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದ ಬಳಿಕ ಕೆಜಿಎಫ್‌ನ ಎಷ್ಟೋ ಕುಟುಂಬಗಳು ದುಡಿಮೆಯನ್ನು ಅರಸಿ ಬಂಗಾರಪೇಟೆಗೋ ಬೆಂಗಳೂರಿಗೋ ಹೋಗಿ ನೆಲೆಸಿದರೂ, ಅವರ ಹೆಸರಿನ ಟಪಾಲು ಹಳೆಯ ವಿಳಾಸವನ್ನೇ ಹುಡುಕಿಕೊಂಡು ಬರುವುದುಂಟು. ಅಂಥ ಟಪಾಲನ್ನು ಹೊಸ ವಿಳಾಸಕ್ಕೆ ತಿರುಗಿಸಿ ಕಳುಹಿಸುವ ಕ್ರಮಕ್ಕೆ ಅಂಚೆಯವರು ‘ರೀಡೈರೆಕ್ಷನ್’ ಎನ್ನುತ್ತಾರೆ. ಈ ಕ್ರಮದ ಸುತ್ತ ಬೆಳೆದಿರುವ ನಾಲ್ಕು ನಂಬಿಕೆಗಳನ್ನು ಇಲ್ಲಿ ಪರಿಶೀಲಿಸಲಾಗಿದೆ.

ತಪ್ಪು ಕಲ್ಪನೆ 1: ಹೊಸ ಊರಿನ ಅಂಚೆ ಕಚೇರಿಗೆ ತಿಳಿಸಿದರೆ ಸಾಕು.

ಸತ್ಯ: ಟಪಾಲು ಮೊದಲು ತಲುಪುವುದು ಲಕೋಟೆಯ ಮೇಲಿರುವ ವಿಳಾಸದ ಬಟವಾಡೆ ಕಚೇರಿಗೆ, ಅಂದರೆ ಆ ಬಡಾವಣೆಗೆ ಪೋಸ್ಟ್‌ಮ್ಯಾನ್‌ರನ್ನು ಕಳುಹಿಸುವ ಕಚೇರಿಗೆ. ಆದ್ದರಿಂದ ರಾಬರ್ಟ್‌ಸನ್‌ಪೇಟೆಯಿಂದ ಬಂಗಾರಪೇಟೆಗೆ ಹೋದವರು ಸಹಿ ಮಾಡಿದ ಲಿಖಿತ ಕೋರಿಕೆಯನ್ನು ರಾಬರ್ಟ್‌ಸನ್‌ಪೇಟೆಯ ಪೋಸ್ಟ್‌ಮಾಸ್ಟರರಿಗೇ ಕೊಡಬೇಕಾಗುತ್ತದೆ. ಬೀದಿಯ ಪರಿಚಯವಿರುವ ಪೋಸ್ಟ್‌ಮ್ಯಾನ್‌ಗೆ ಬಾಯಿಮಾತಿನಲ್ಲಿ ಹೇಳಿ ಹೋಗುವುದು ಅವರು ಅದೇ ಬೀಟಿನಲ್ಲಿ ಇರುವವರೆಗೆ ಮಾತ್ರ ನೆರವಾಗಬಹುದು.

ತಪ್ಪು ಕಲ್ಪನೆ 2: ವಿಳಾಸದಲ್ಲಿ ‘ಕೆಜಿಎಫ್’ ಎಂದಿದ್ದರೆ ಟಪಾಲು ಹೇಗಾದರೂ ಸೇರುತ್ತದೆ.

ಸತ್ಯ: 1972ರ ಆಗಸ್ಟ್ 15ರಂದು ಜಾರಿಗೆ ಬಂದ ಪಿನ್‌ಕೋಡಿನ ಮೊದಲ ಮೂರು ಅಂಕಿಗಳು ಟಪಾಲನ್ನು ವಿಂಗಡಿಸುವ ಜಿಲ್ಲೆಯನ್ನೂ ಕೊನೆಯ ಮೂರು ಅಂಕಿಗಳು ಬಟವಾಡೆ ಕಚೇರಿಯನ್ನೂ ಸೂಚಿಸುತ್ತವೆ. ಬೇರೆ ಬೇರೆ ಗಣಿಗಳ ಸುತ್ತ ಬೆಳೆದ ವಸತಿಗಳ ಗುಂಪಾದ ಕೆಜಿಎಫ್‌ಗೆ ಒಂದೇ ಪಿನ್‌ಕೋಡ್ ಇಲ್ಲ. ರಾಬರ್ಟ್‌ಸನ್‌ಪೇಟೆಯದು 563122, ಉರಿಗಾಂನದು 563120, ನೆರೆಯ ಬಂಗಾರಪೇಟೆಯದು 563114. ಹೀಗಾಗಿ ಊರು ಬಿಡದೆ ಪೇಟೆ ಬದಲಿಸಿದವರ ಪಿನ್‌ಕೋಡೂ ಬದಲಾಗಬಹುದು. 2025ರಲ್ಲಿ ಅಂಚೆ ಇಲಾಖೆ ಪರಿಚಯಿಸಿದ ಹತ್ತು ಅಕ್ಷರಾಂಕಗಳ ‘ಡಿಜಿಪಿನ್’ ಕೂಡ ಸುಮಾರು ನಾಲ್ಕು ಮೀಟರ್ ಉದ್ದಗಲದ ನೆಲದ ತುಂಡನ್ನು ಗುರುತಿಸುತ್ತದೆಯೇ ಹೊರತು ಅಲ್ಲಿ ವಾಸಿಸುವ ವ್ಯಕ್ತಿಯನ್ನಲ್ಲ.

ತಪ್ಪು ಕಲ್ಪನೆ 3: ಒಮ್ಮೆ ರೀಡೈರೆಕ್ಷನ್ ಮಾಡಿಸಿದರೆ ಎಲ್ಲ ದಾಖಲೆಗಳ ವಿಳಾಸವೂ ಬದಲಾದಂತೆ.

ಸತ್ಯ: ಅಂಚೆ ಕಚೇರಿಗೆ ಕೊಟ್ಟ ಕೋರಿಕೆ ಅಂಚೆಯ ಮೂಲಕ ಬರುವ ಟಪಾಲಿಗಷ್ಟೇ ಸಂಬಂಧಿಸಿದ್ದು, ಖಾಸಗಿ ಕೊರಿಯರ್‌ಗಳಿಗೆ ಅದರ ಅರಿವೇ ಇರುವುದಿಲ್ಲ. ಬ್ಯಾಂಕು, ವಿಮೆ, ಆಧಾರ್‌ಗಳಲ್ಲಿ ವಿಳಾಸವನ್ನು ಬೇರೆ ಬೇರೆಯಾಗಿಯೇ ತಿದ್ದಿಸಬೇಕು. ಕೆಜಿಎಫ್ ಮತ್ತು ಬಂಗಾರಪೇಟೆ ಪ್ರತ್ಯೇಕ ವಿಧಾನಸಭಾ ಕ್ಷೇತ್ರಗಳಾದ ಕಾರಣ ಒಂದರಿಂದ ಇನ್ನೊಂದಕ್ಕೆ ಹೋದ ಮತದಾರರು ನಮೂನೆ 8ನ್ನು ಸಲ್ಲಿಸಬೇಕು. ವಾಹನದ ಮಾಲೀಕರು 1988ರ ಮೋಟಾರು ವಾಹನ ಕಾಯ್ದೆಯ 49ನೇ ಕಲಮಿನಂತೆ 30 ದಿನಗಳೊಳಗೆ ನೋಂದಣಿ ಪ್ರಾಧಿಕಾರಕ್ಕೆ ಹೊಸ ವಿಳಾಸವನ್ನು ತಿಳಿಸಬೇಕು.

ತಪ್ಪು ಕಲ್ಪನೆ 4: ಕೈಗೆ ಸೇರದೆ ಮರಳಿದ ನೋಟಿಸಿಗೆ ಬೆಲೆಯಿಲ್ಲ.

ಸತ್ಯ: 1897ರ ಸಾಮಾನ್ಯ ಖಂಡಗಳ ಅಧಿನಿಯಮದ 27ನೇ ಕಲಮಿನಂತೆ, ಸರಿಯಾದ ವಿಳಾಸ ಬರೆದು, ಶುಲ್ಕ ತೆತ್ತು, ರಿಜಿಸ್ಟರ್ಡ್ ಅಂಚೆಯಲ್ಲಿ ಕಳುಹಿಸಿದ ನೋಟಿಸು ತಲುಪಿದೆಯೆಂದೇ ಕಾನೂನು ಮೊದಲಿಗೆ ಭಾವಿಸುತ್ತದೆ. ತಲುಪಲಿಲ್ಲವೆಂದು ತೋರಿಸುವ ಹೊಣೆ ವಿಳಾಸದಾರರ ಮೇಲೆ ಬೀಳುವುದರಿಂದ, ಚೆಕ್ ಅಮಾನ್ಯದಂಥ ಪ್ರಕರಣಗಳಲ್ಲಿ ಹಳೆಯ ಬಾಗಿಲಿನಿಂದ ಮರಳಿದ ಲಕೋಟೆಯೂ ತೊಡಕಾಗಬಲ್ಲದು.

ರೀಡೈರೆಕ್ಷನ್ ಹಳೆಯ ವಿಳಾಸಕ್ಕೆ ಬಂದ ಟಪಾಲನ್ನು ತಿರುಗಿಸುತ್ತದೆ, ಕಳುಹಿಸುವವರ ಕಡತದಲ್ಲಿರುವ ವಿಳಾಸವನ್ನು ತಿದ್ದುವುದಿಲ್ಲ. ಆ ತಿದ್ದುಪಡಿ ವಿಳಾಸ ಎಲ್ಲೆಲ್ಲಿ ದಾಖಲಾಗಿದೆಯೋ ಅಲ್ಲಲ್ಲಿಯೇ ಆಗಬೇಕು.