ತೆಂಗಿನ ಸೀಮೆಯಲ್ಲಿ ಸಕ್ಕರೆ ಕಾಯಿಲೆ: ಯಾರು, ಹೇಗೆ ತಡೆಯಬೇಕು?

ನುಸಿಪೀಡೆ ನೋಡಲೆಂದು ಚಿಕ್ಕನಾಯಕನಹಳ್ಳಿಯ ತೋಟವೊಂದಕ್ಕೆ ಹೋಗಿದ್ದಾಗ ಯಜಮಾನರು ಕುಂಟುತ್ತ ಬಂದರು. ಜಾಲಿಮುಳ್ಳು ಚುಚ್ಚಿ ಎರಡು ತಿಂಗಳಾದರೂ ಗಾಯ ಮಾಗಿರಲಿಲ್ಲ. ರಕ್ತ ಪರೀಕ್ಷೆ ಮಾಡಿಸಿದಾಗ ಸಕ್ಕರೆ ಕಾಯಿಲೆ ಹೊರಬಿತ್ತು. ಕಾಲಿನ ಎರಡು ಬೆರಳು ಉಳಿಯಲಿಲ್ಲ. "ಮುದ್ದೆ ಉಣ್ಣೋನಿಗೆ ಶುಗರ್ ಹೆಂಗ್ ಬತ್ತೈತೆ ಸಾರ್?" ಎಂದು ಅವರು ಕೇಳಿದರು. ಬೇಸಾಯಶಾಸ್ತ್ರದವನಾದ ನಾನು ಈ ವಿಷಯ ಬರೆಯಲು ಅದೇ ಕಾರಣ.

ರಾಗಿ ಉತ್ತಮ ಧಾನ್ಯವೆಂಬುದರಲ್ಲಿ ಸಂಶಯವಿಲ್ಲ. ನೂರು ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂನಷ್ಟೂ ಇಲ್ಲ. ಆದರೆ ರಾಗಿಯಲ್ಲೂ ಬಹುಪಾಲು ಪಿಷ್ಟವೇ. ನುಣ್ಣನೆ ಹಿಟ್ಟಿನ ಗಂಜಿ ಬೇಗ ಅರಗಿ ರಕ್ತದ ಸಕ್ಕರೆಯನ್ನು ಬೇಗ ಏರಿಸುತ್ತದೆ. ನೇಗಿಲು ಹೊಡೆಯುತ್ತಿದ್ದ ಕಾಲದ ಮುದ್ದೆಯ ಗಾತ್ರ ಟಿಲ್ಲರ್, ಮೋಟಾರು ಬೈಕು ಬಂದ ಮೇಲೂ ಹಾಗೆಯೇ ಉಳಿದಿದೆ. ಮುದ್ದೆ ಕಿರಿದಾಗಬೇಕು, ಹುರುಳಿ, ಅವರೆ, ಸೊಪ್ಪಿನ ಸಾರು ಗಟ್ಟಿಯಾಗಬೇಕು. ಮುಂಗಾರಿನ ಹೆಸರನ್ನೆಲ್ಲ ಮಂಡಿಗೆ ಸಾಗಿಸದೆ ಮನೆಗೊಂದಿಷ್ಟು ಇಟ್ಟುಕೊಳ್ಳಿ. ತೆಂಗಿನ ಬೆಲ್ಲ ಸಕ್ಕರೆಗಿಂತ ಮೇಲೆಂದು ಕೆಲವರ ನಂಬಿಕೆ. ಈ ಕಾಯಿಲೆಯ ಮಟ್ಟಿಗೆ ಅದೂ ಸಕ್ಕರೆಯೇ.

ಕಾಯಿಲೆಯ ಅಂಚಿನಲ್ಲಿದ್ದ 531 ಜನರ ಮೇಲೆ ಚೆನ್ನೈನಲ್ಲಿ ನಡೆದ ಪ್ರಯೋಗದ ಫಲಿತಾಂಶ 2006ರಲ್ಲಿ ಪ್ರಕಟವಾಯಿತು. ಊಟದಲ್ಲಿ ಹಿಡಿತ, ದಿನಕ್ಕೆ ಅರ್ಧ ಗಂಟೆಯ ನಡಿಗೆ, ಇಷ್ಟರಿಂದಲೇ ಕಾಯಿಲೆಗೆ ತುತ್ತಾಗುವ ಸಂಭವ ಶೇ. 28.5ರಷ್ಟು ತಗ್ಗಿತು. ತೂಕ ಇಳಿಯದಿದ್ದರೂ ಈ ಲಾಭ ದೊರೆಯಿತು. ಮೈಮುರಿದು ದುಡಿಯುವವರಿಗೆ ಹೊಸ ವ್ಯಾಯಾಮವನ್ನೇನೂ ಹೇಳಲಿಲ್ಲ, ದುಡಿಮೆ ಬಿಡಬೇಡಿ ಎಂದಷ್ಟೇ ಹೇಳಿದರು. ಆದುದರಿಂದ ತೋಟದ ಕೂಲಿಯವರಿಗೂ ಕೊಬ್ಬರಿ ಮಂಡಿಯಲ್ಲಿ ಕುಳಿತು ಲೆಕ್ಕ ಬರೆಯುವವರಿಗೂ ಒಂದೇ ಸಲಹೆ ಸಲ್ಲದು. ಕುಳಿತು ಕೆಲಸ ಮಾಡುವವರು, ಬೆಂಗಳೂರು ಸೇರಿದ ನಮ್ಮ ಮಕ್ಕಳು ನಡೆಯಲೇಬೇಕು.

ಗರ್ಭಿಣಿಯರ ವಿಚಾರ ಬೇರೆ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1997-98ರಲ್ಲಿ ಪರೀಕ್ಷಿಸಿದಾಗ ನೂರಕ್ಕೆ ಆರು ಗರ್ಭಿಣಿಯರಲ್ಲಿ ಸಕ್ಕರೆ ಹೆಚ್ಚಿತ್ತು. ಅಂಥ ತಾಯಂದಿರ ಮಕ್ಕಳನ್ನು ಮುಂದೆ ಪರೀಕ್ಷಿಸಿದಾಗ ಮೈಯಲ್ಲಿ ಕೊಬ್ಬಿನಂಶ ಹೆಚ್ಚಾಗಿದ್ದುದು ಕಂಡುಬಂತು. "ಎರಡು ಜೀವಕ್ಕೆ ಉಣ್ಣು" ಎಂದು ಅನ್ನ, ಸಿಹಿ ಬಲವಂತ ಮಾಡುವ ಅತ್ತೆಯಂದಿರು ಇದನ್ನು ಗಮನಿಸಬೇಕು. ಕಾಳು, ಹಾಲು, ಸೊಪ್ಪು ಬಡಿಸಲಿ. ಬಸುರಿನಲ್ಲೊಮ್ಮೆ ಸಕ್ಕರೆ ಪರೀಕ್ಷೆ ಮಾಡಿಸಲಿ.

ತಂದೆ ಅಥವಾ ತಾಯಿಗೆ ಕಾಯಿಲೆ ಇದ್ದವರು ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು. ಮೂವತ್ತು ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಇದು ಉಚಿತ. ಕಾಯಿಲೆ ಈಗಾಗಲೇ ಬಂದಿದ್ದರೆ ಬರಿಗಾಲಿನಲ್ಲಿ ತೋಟಕ್ಕೆ ಇಳಿಯಬೇಡಿ. ರಾತ್ರಿ ಮಲಗುವ ಮುನ್ನ ಅಂಗಾಲನ್ನು ದೀಪದ ಬೆಳಕಿನಲ್ಲಿ ನೋಡಿಕೊಳ್ಳಿ. ನಮ್ಮ ಯಜಮಾನರ ಅಂಗಾಲನ್ನು ಈಗ ಅವರ ಮೊಮ್ಮಗಳು ನೋಡುತ್ತಾಳೆ.