ಬರಿದಾದ ಉತ್ತರದ ಅರ್ಥ: ಏಜೆಂಟುಗಳ ಉಪಕರಣ-ವಿವರಣೆಗಳ ಪರೀಕ್ಷಾಕ್ರಮ

ಅನೇಕರು ಕೂಡಿ ರಚಿಸತಕ್ಕ ಕಂಪ್ಯೂಟರ್ ಪ್ರೋಗ್ರಾಮುಗಳಲ್ಲಿ ಒಬ್ಬನು ಮಾಡಿದ ತಿದ್ದುಪಡಿಯು ನೇರವಾಗಿ ಮೂಲದ ಕೋಡಿಗೆ ಸೇರುವುದಿಲ್ಲ. ಅದನ್ನು ಸೇರಿಸಿಕೊಳ್ಳಬೇಕೆಂದು ಆತನು ಕೋರಿಕೆ ಸಲ್ಲಿಸುವನು. ಉಳಿದವರು ಪರಿಶೀಲಿಸಿ ಒಪ್ಪುವರು, ಇಲ್ಲವೆ ಹಿಂದಿರುಗಿಸುವರು. ಈ ಕೋರಿಕೆಗೆ ಪುಲ್ ರಿಕ್ವೆಸ್ಟ್ ಎಂದು ಹೆಸರು. ಇಂತಹ ಕೋರಿಕೆಗಳ ಮೇಲೆ ಕಣ್ಣಿಟ್ಟಿರುವ ಕೆಲಸವನ್ನು ಕೃತಕ ಬುದ್ಧಿಮತ್ತೆಯ ಏಜೆಂಟುಗಳಿಗೆ ವಹಿಸುವ ಪದ್ಧತಿಯು ಈಚೆಗೆ ಬೆಳೆದಿದೆ. ಏಜೆಂಟು ಹೊರಗಿನ ಸಂಗತಿಗಳನ್ನು ಉಪಕರಣಗಳ ಮೂಲಕವೇ ಕೇಳಿ ತಿಳಿಯತಕ್ಕದ್ದು. ಪ್ರತಿಯೊಂದು ಉಪಕರಣಕ್ಕೂ ಒಂದು ಹೆಸರು, ಒದಗಿಸಬೇಕಾದ ಅಂಶಗಳ ಪಟ್ಟಿ ಮತ್ತು ಕೆಲವು ವಾಕ್ಯಗಳ ವಿವರಣೆ ಇರುವುವು; 2024ರ ನವೆಂಬರಿನಲ್ಲಿ ಆಂಥ್ರೊಪಿಕ್ ಸಂಸ್ಥೆಯು ಪ್ರಕಟಿಸಿದ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲಿನಲ್ಲಿಯೂ ಇದೇ ಕ್ರಮವಿದೆ. ಉಪಕರಣದ ಒಳರಚನೆಯು ಸಾಮಾನ್ಯವಾಗಿ ಏಜೆಂಟಿಗೆ ಕಾಣದು. ಆದಕಾರಣ ವಿವರಣೆಯಲ್ಲಿನ ದೋಷವು ತೀರ್ಪಿನ ದೋಷವಾಗಿ ಪರಿಣಮಿಸುವುದು.

ಉಪಕರಣವು ಏನು ಮಾಡುವುದೆಂದು ತಿಳಿಸಿದ ಮಾತ್ರಕ್ಕೆ ವಿವರಣೆಯು ಪೂರ್ಣವಾಗದು. ಉತ್ತರವು ಬರಿದಾಗಿ ಬಂದಲ್ಲಿ ಅದರ ಅರ್ಥವೇನೆಂಬುದನ್ನೂ ತಿಳಿಸಬೇಕು. ‘ಇಲ್ಲ’, ‘ಇನ್ನೂ ಗೊತ್ತಾಗಿಲ್ಲ’, ‘ಇಲ್ಲಿ ಕೇಳತಕ್ಕದ್ದಲ್ಲ’ ಎಂಬ ಮೂರೂ ಭಿನ್ನಾರ್ಥಗಳು. ಗಿಟ್‌ಹಬ್ಬಿನಲ್ಲಿ ಒಂದು ಕೋರಿಕೆಯನ್ನು ತೊಡಕಿಲ್ಲದೆ ಸೇರಿಸಬಹುದೆ ಎಂದು ಕೇಳಿದರೆ, ಲೆಕ್ಕವು ಮುಗಿಯುವ ತನಕ ಬರಿದಾದ ಉತ್ತರವೇ ಬರುವುದು, ಅದು ನಿರಾಕರಣೆಯಲ್ಲ. ಅಲ್ಲಿ ಕೋಡಿನ ಪರೀಕ್ಷೆಗಳ ಫಲವನ್ನು ದಾಖಲಿಸಲು ‘ಸ್ಟೇಟಸ್’, ‘ಚೆಕ್’ ಎಂಬ ಎರಡು ಬೇರೆ ಏರ್ಪಾಡುಗಳಿವೆ. ಒಂದೂ ಸ್ಟೇಟಸ್ ದಾಖಲಾಗಿರದಿದ್ದರೂ ಒಟ್ಟು ಸ್ಟೇಟಸ್ಸಿನ ಉತ್ತರವು ‘ಬಾಕಿ’ ಎಂದೇ ಬರುವುದು. ಚೆಕ್ಕುಗಳನ್ನು ಮಾತ್ರ ಬಳಸುವ ಕಡೆ, ಈ ಭೇದವನ್ನು ತಿಳಿಯದ ಏಜೆಂಟು ಎಂದಿಗೂ ಬಾರದ ಫಲಕ್ಕಾಗಿ ಕಾದು ಕುಳಿತಿರುವುದು.

ಈ ತತ್ತ್ವವನ್ನು ದಾವಣಗೆರೆ ಜಿಲ್ಲೆಯ ನಾಲ್ಕು ತಾಲ್ಲೂಕುಗಳ ನಿದರ್ಶನದಿಂದ ವಿಶದಪಡಿಸಬಹುದು. 1997ರ ಆಗಸ್ಟ್ 15ರಂದು ಈ ಜಿಲ್ಲೆಯು ಏರ್ಪಟ್ಟಾಗ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗದಿಂದಲೂ ಜಗಳೂರು ಚಿತ್ರದುರ್ಗದಿಂದಲೂ ಬಂದು ಸೇರಿದುವು. ನ್ಯಾಮತಿಯು ಆಮೇಲೆ ಹೊನ್ನಾಳಿಯಿಂದ ಬೇರ್ಪಟ್ಟು ತಾಲ್ಲೂಕಾಯಿತು; 2011ರ ಜನಗಣತಿಯಲ್ಲಿ ಅದು ಪ್ರತ್ಯೇಕ ತಾಲ್ಲೂಕಾಗಿರಲಿಲ್ಲ. ಹಳೆಯ ಗಣತಿಯ ಅಂಕಿಗಳನ್ನು ಈಗಿನ ತಾಲ್ಲೂಕುಗಳಿಗೆ ಹಂಚುವ ಒಂದು ಪ್ರೋಗ್ರಾಮು ಇದೆಯೆಂದು ಭಾವಿಸೋಣ. ‘2011ರ ಪಟ್ಟಿಯಲ್ಲಿ ನ್ಯಾಮತಿ ಇಲ್ಲ’ ಎಂಬ ಕಾರಣವನ್ನು ಕೊಟ್ಟು ಯಾರೋ ಆ ಹೆಸರಿನ ಸಾಲನ್ನು ತೆಗೆದುಹಾಕುವ ತಿದ್ದುಪಡಿಯನ್ನು ಕಳುಹಿಸುವರು. ಏಜೆಂಟಿನ ಉಪಕರಣಕ್ಕೆ ‘ತಾಲ್ಲೂಕಿನ ಜನಸಂಖ್ಯೆಯನ್ನು ಕೊಡುವುದು’ ಎಂದಷ್ಟೇ ವಿವರಣೆಯಿದ್ದರೆ, ಅದು ನ್ಯಾಮತಿಯನ್ನು ಕೇಳಿ, ಬರಿದಾದ ಉತ್ತರವನ್ನು ಪಡೆದು, ತಿದ್ದುಪಡಿಯು ಸರಿಯೆಂದು ವರದಿ ಮಾಡುವುದು. ಹೀಗಾದಲ್ಲಿ ಒಂದು ತಾಲ್ಲೂಕಿನ ಜನರೇ ಲೆಕ್ಕದಿಂದ ಜಾರಿಹೋಗುವರು. ಆ ಲೆಕ್ಕವನ್ನು ನಂಬಿ ಬರಪರಿಹಾರವನ್ನೋ ಶಾಲೆಗಳನ್ನೋ ಹಂಚಿದರೆ ನಷ್ಟವು ಅವರಿಗೇ ತಟ್ಟುವುದು. ‘2011ರ ಗಡಿಗಳಂತೆ ಉತ್ತರಿಸುವುದು, ಆಮೇಲೆ ಏರ್ಪಟ್ಟ ತಾಲ್ಲೂಕಿಗೆ ಉತ್ತರವು ಬರಿದಾಗಿರುವುದು, ಅದರ ಗ್ರಾಮಗಳನ್ನು ಮೂಲ ತಾಲ್ಲೂಕಿನಲ್ಲಿ ಹುಡುಕತಕ್ಕದ್ದು’ ಎಂದು ವಿವರಣೆಯಲ್ಲಿ ಬರೆದಿದ್ದರೆ ಏಜೆಂಟಿಗೆ ಹೊನ್ನಾಳಿಯ ದಾರಿ ಕಾಣುತ್ತಿತ್ತು.

ಎರಡು ವಿವರಣೆಗಳಲ್ಲಿ ಯಾವುದು ಮೇಲೆಂಬುದನ್ನು ಓದಿ ನಿರ್ಣಯಿಸಲಾಗದು, ಪ್ರಯೋಗದಿಂದಲೇ ತಿಳಿಯಬೇಕು. ಸರಿಯುತ್ತರವು ಮೊದಲೇ ತಿಳಿದಿರುವ ಪ್ರಶ್ನೆಗಳನ್ನು ಸಿದ್ಧಪಡಿಸಿಕೊಳ್ಳತಕ್ಕದ್ದು: 1991ರಲ್ಲಿ ಜಗಳೂರು ಯಾವ ಜಿಲ್ಲೆಯದು, 2001ರಲ್ಲಿ ಚನ್ನಗಿರಿ ಯಾವುದರದು, ಇತ್ಯಾದಿ. ಏಜೆಂಟು, ಉಪಕರಣ, ಪ್ರಶ್ನೆ ಇವುಗಳನ್ನು ಬದಲಿಸದೆ ವಿವರಣೆಯೊಂದನ್ನೇ ಬದಲಿಸಬೇಕು. ಒಂದೇ ಪ್ರಶ್ನೆಗೆ ಬೇರೆ ಬೇರೆ ಸಲ ಬೇರೆ ಉತ್ತರ ಬರಬಹುದಾದುದರಿಂದ ಪ್ರತಿಯೊಂದನ್ನೂ ಹಲವು ಸಲ ಕೇಳಬೇಕು. ವಿವರಣೆಯನ್ನು ತಿದ್ದುವಾಗ ಬಳಸದ ಕೆಲವು ಪ್ರಶ್ನೆಗಳನ್ನು ಕಡೆಯ ಪರೀಕ್ಷೆಗೆಂದು ಮೀಸಲಿಡುವುದು ಅವಶ್ಯಕ.

ಅಳೆಯತಕ್ಕ ಅಂಶಗಳು ನಾಲ್ಕು: ತಕ್ಕ ಉಪಕರಣವನ್ನು ಆರಿಸಿತೆ, ಸರಿಯಾದ ಅಂಶಗಳನ್ನು ಒದಗಿಸಿತೆ, ಉತ್ತರದಿಂದ ಸರಿಯಾದ ನಿರ್ಣಯಕ್ಕೆ ಬಂದಿತೆ, ಉಪಕರಣವು ಬೇಡದ ಕಡೆ ಸುಮ್ಮನಿದ್ದಿತೆ. 2024ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದವರು ಆರಂಭಿಸಿದ ಉಪಕರಣ-ಪರೀಕ್ಷೆಯಲ್ಲಿ ಯಾವ ಉಪಕರಣವೂ ಸಲ್ಲದ ಪ್ರಶ್ನೆಗಳೂ ಸೇರಿವೆ. ಮೊದಲೆರಡನ್ನು ಮಾತ್ರ ಎಣಿಸಿದರೆ ನ್ಯಾಮತಿಯ ಪ್ರಸಂಗದಲ್ಲಿ ಏಜೆಂಟಿಗೆ ಪೂರ್ಣಾಂಕವೇ ದೊರೆಯುವುದು. ಏಕೆಂದರೆ ಅದು ತಪ್ಪಿದುದು ಮೂರನೆಯದರಲ್ಲಿ. ಪ್ರತಿಪರೀಕ್ಷೆಯೂ ಬೇಕು. ನಿಜವಾಗಿಯೂ ಇಲ್ಲದ ಒಂದು ಹೆಸರನ್ನು ಕೇಳಿದಾಗ ‘ಇಲ್ಲ’ವೆನ್ನದೆ ಎಲ್ಲೆಲ್ಲಿಯೋ ಹುಡುಕುತ್ತ ಹೋದರೆ, ವಿವರಣೆಯು ಅತಿಯಾಯಿತೆಂದು ತಿಳಿಯಬೇಕು.

ವಿವರಣೆಯು ದೀರ್ಘವಾದಷ್ಟೂ ಒಳ್ಳೆಯದೆಂಬುದು ಸರಿಯಲ್ಲ; ಏಜೆಂಟು ಒಮ್ಮೆಗೆ ಗ್ರಹಿಸಬಲ್ಲ ಪಠ್ಯಕ್ಕೆ ಮಿತಿಯಿದೆ. ತೀರ್ಪನ್ನು ಬದಲಿಸಬಲ್ಲ ವಾಕ್ಯಗಳನ್ನು ಉಳಿಸಿ ಮಿಕ್ಕವನ್ನು ಬಿಡುವುದು ಯುಕ್ತ. ಬರಿದಾದ ಉತ್ತರದ ಅರ್ಥವನ್ನು ಹೇಳುವ ವಾಕ್ಯವು ಅಂತಹವುಗಳಲ್ಲಿ ಮೊದಲನೆಯದು. ಅದರ ಅರ್ಥವು ಏಜೆಂಟಿಗೆ ನಿಶ್ಚಯವಾಗದ ಕಡೆ ತೀರ್ಮಾನವನ್ನು ಮನುಷ್ಯನಿಗೇ ಬಿಡತಕ್ಕದ್ದು.