ಗಟ್ಟಿಮೇಳದ ಸ್ಯಾಕ್ಸೋಫೋನ್ ಅಮೆರಿಕಕ್ಕೆ ಹೋದ ಕಥೆ

ಚನ್ನರಾಯಪಟ್ಟಣದಲ್ಲೋ ಹೊಳೆನರಸೀಪುರದಲ್ಲೋ ಒಂದು ಮದುವೆಗೆ ಹೋಗಿ ನೋಡಿ. ಮಂಟಪದ ಪಕ್ಕ ಡೋಲಿನ ಜೊತೆ ಒಬ್ಬರು ಸ್ಯಾಕ್ಸೋಫೋನ್ ನುಡಿಸ್ತಿರ್ತಾರೆ. ಧಾರೆ ಹೊತ್ತಿಗೆ 'ಗಟ್ಟಿಮೇಳ' ಅಂತ ಕೂಗ್ತೀವಿ, ಆಮೇಲೆ ಊಟದ ಪಂಕ್ತಿಗೆ ಓಡ್ತೀವಿ. ಆ ಮನುಷ್ಯ ನುಡಿಸಿದ್ದು ಏನು ಅಂತ ಯಾರಾದ್ರೂ ಕೇಳಿದ್ದೀವಾ? ಇಲ್ಲ.

ಅದೇ ವಾದ್ಯದ ಒಂದು ಆಲ್ಬಂ ಬಗ್ಗೆ ಇವತ್ತು ಹೇಳ್ತೀನಿ. ಹೆಸರು 'ಕಿನ್ಸ್‌ಮೆನ್', ಅಂದ್ರೆ ಬಂಧುಗಳು, ದಾಯಾದಿಗಳು. 2008ರಲ್ಲಿ ಅಮೆರಿಕದಲ್ಲಿ ಬಂತು. (ನಮ್ಮ ಕಡೆ ದಾಯಾದಿ ಅಂದ ತಕ್ಷಣ ಜಮೀನಿನ ಕೇಸು ನೆನಪಾಗುತ್ತೆ, ಅದು ಬೇರೆ ವಿಷಯ.)

ಯಾರು ಈ ದಾಯಾದಿಗಳು? ಒಬ್ಬರು ಕದ್ರಿ ಗೋಪಾಲನಾಥ್. ದಕ್ಷಿಣ ಕನ್ನಡದವರು, ನಾಗಸ್ವರದ ಮನೆತನ. ಮೈಸೂರು ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕಂಡು ಮರುಳಾದವರು. ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ 1840ರ ದಶಕದಲ್ಲಿ ರೂಪಿಸಿದ ಹಿತ್ತಾಳೆ ವಾದ್ಯ ಅದು. ಕೀಲಿ ಒತ್ತಿದರೆ ನೆಟ್ಟಗೆ ಒಂದು ಸ್ವರ. ನಮ್ಮ ಗಮಕಕ್ಕೆ ಅದು ಸಾಲದು. ಸ್ವರ ತೂಗಬೇಕು, ಜಾರಬೇಕು. ಕದ್ರಿಯವರು ಕೀಲಿಗಳನ್ನೇ ತಮಗೆ ಬೇಕಾದ ಹಾಗೆ ಬದಲಾಯಿಸಿಕೊಂಡರು, ವರ್ಷಗಟ್ಟಲೆ ಉಸಿರು, ತುಟಿ ಪಳಗಿಸಿದರು.

ಇನ್ನೊಬ್ಬರು ರುದ್ರೇಶ್ ಮಹಂತಪ್ಪ. ಹೆಸರು ಕೇಳಿದ್ರೆ ಅರಕಲಗೂಡಿನ ಪಕ್ಕದ ಊರಿನವರು ಅನ್ನಿಸುತ್ತೆ, ಅಲ್ವಾ? ಮನೆತನವೇನೋ ಕರ್ನಾಟಕದ್ದೇ. ಹುಟ್ಟಿದ್ದು ಇಟಲಿಯಲ್ಲಿ, 1971ರಲ್ಲಿ, ಬೆಳೆದದ್ದು ಅಮೆರಿಕದ ಕೊಲರಾಡೋದಲ್ಲಿ, ಕಲಿತದ್ದು ಜಾಝ್. ಮುಖ ನೋಡಿದವರೆಲ್ಲ 'ಇವನಿಗೆ ಭಾರತದ ಸಂಗೀತ ಗೊತ್ತಿರಬೇಕು' ಅಂದ್ಕೊಳ್ಳೋರು. ಗೊತ್ತಿರಲಿಲ್ಲ. ಕಾಲೇಜಿನಲ್ಲಿದ್ದಾಗ ಅಣ್ಣ ತಮಾಷೆಗೆ ಅಂತ ಕದ್ರಿಯವರ 'ಸ್ಯಾಕ್ಸೋಫೋನ್ ಇಂಡಿಯನ್ ಸ್ಟೈಲ್' ಆಲ್ಬಂ ಕೊಟ್ಟರು. ಕೇಳಿದ ಮೇಲೆ ತಮಾಷೆ ಅಲ್ಲೇ ನಿಂತುಹೋಯ್ತು.

ಆದರೆ ಇಬ್ಬರೂ ಜೊತೆಗೆ ನುಡಿಸೋದು ಹೇಗೆ? ಜಾಝ್‌ನಲ್ಲಿ ಹಲವು ಸ್ವರ ಒಟ್ಟಿಗೆ ಮೀಟುವ ಕಾರ್ಡ್‌ಗಳು ಬದಲಾಗ್ತಾ ಹೋಗ್ತವೆ. ನಮ್ಮಲ್ಲಿ ಶ್ರುತಿ ಒಂದೇ ಕಡೆ ಕೂತಿರುತ್ತೆ, ರಾಗ ಅದರ ಸುತ್ತ ಓಡಾಡುತ್ತೆ. (ರುದ್ರಪಟ್ಟಣದವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ, ಉಳಿದವರಿಗೆ ಹೇಳ್ತಿದ್ದೀನಿ.) ಕಾರ್ಡ್ ಸಿಕ್ಕಾಪಟ್ಟೆ ಬದಲಾದರೆ ರಾಗ ಕೆಡುತ್ತೆ. ಇಬ್ಬರಿಗೂ ಒಗ್ಗುವ ಜಾಗ ಅಂದ್ರೆ ತಾಳ. ಬಾಸು, ಡ್ರಮ್ಸು ಒಂದು ನಡೆ ಹಿಡಿದು ಬಿಡದೆ ಸುತ್ತು ಹೊಡೆಯೋದಕ್ಕೆ ಗ್ರೂವ್ ಅಂತಾರೆ. ನಮ್ಮೂರಲ್ಲಿ ತಮಟೆ ಶುರುವಾದ್ರೆ ಕಾಲು ನಮ್ಮ ಮಾತು ಕೇಳಲ್ಲವಲ್ಲ, ಅದೇ. ಅದರ ಜೊತೆಗೆ ಪೂವಲೂರು ಶ್ರೀಜಿಯವರ ಮೃದಂಗ, ಎ. ಕನ್ಯಾಕುಮಾರಿಯವರ ಪಿಟೀಲು.

ನನಗೆ ಹಿಡಿಸಿದ್ದು ಇನ್ನೊಂದು. ರಚನೆಗಳ ನಡುವೆ ಆಲಾಪನೆ ಇಟ್ಟಿದ್ದಾರೆ. ಕದ್ರಿಯವರಿಗೆ ಮಾತ್ರ ಅಲ್ಲ. ಗಿಟಾರಿನ ರೆಜ್ ಅಬ್ಬಾಸಿಗೂ ಒಂದು, ಬಾಸ್ ನುಡಿಸೋ ಕಾರ್ಲೋ ಡಿ ರೋಸಾಗೂ ಒಂದು. ಅಮೆರಿಕದ ಬಾಸ್‌ನವರು ಆಲಾಪನೆಗೆ ಕೂತಿದ್ದಾರೆ ಸ್ವಾಮಿ!

ಕದ್ರಿಯವರು 2019ರ ಅಕ್ಟೋಬರ್ 11ರಂದು ತೀರಿಕೊಂಡರು. ಆಲ್ಬಂನಲ್ಲಿ ಕಲ್ಯಾಣಿ ಇದೆ. ಮುಂದಿನ ಮದುವೆಯಲ್ಲಿ ಊಟಕ್ಕೆ ಏಳೋ ಮೊದಲು ಆ ಸ್ಯಾಕ್ಸೋಫೋನಿನವರ ಹತ್ರ ಹೋಗಿ, 'ಒಂದು ಕಲ್ಯಾಣಿ ನುಡಿಸಿ' ಅಂತ ಕೇಳಿ ನೋಡಿ.